ಹಳೇ ಡೆಸ್ಕ್‌ಟಾಪಿನ ಬಯಾಸ್ ಅಪ್‌ಡೇಟಿಗೆ ಸಿಎಚ್341ಎ ಪ್ರೋಗ್ರಾಮರ್: ಬೋರ್ಡ್ ತಗೊಳ್ಳಿ, ಕ್ಲಿಪ್ ನಂಬ್ಬೇಡಿ

ಬಯಾಸ್ ಅಂದ್ರೆ ಕಂಪ್ಯೂಟರ್ ಆನ್ ಆದ ತಕ್ಷಣ ಮೊದಲು ಓಡೋ, ಮದರ್‌ಬೋರ್ಡಿನ ಒಂದು ಚಿಪ್ಪಲ್ಲಿರೋ ಸಾಫ್ಟ್‌ವೇರ್, ಆ ಚಿಪ್ಪನ್ನ ಇನ್ನೊಂದು ಕಂಪ್ಯೂಟರಿಂದ ನೇರವಾಗಿ ಓದಿ ಬರೆಯೋ ಸಾಧನವೇ ಈ ಪ್ರೋಗ್ರಾಮರ್. ಮೊದಲೇ ಹೇಳ್ಬಿಡ್ತೀನಿ, ಬಯಾಸ್ ಅಪ್‌ಡೇಟ್ ಮಾಡೋ ಎಲ್ರಿಗೂ ಇದು ಬೇಕಾಗಿಲ್ಲ. ಸಿಸ್ಟಂ ಆನ್ ಆಗಿ ಬಯಾಸ್ ಸ್ಕ್ರೀನ್ ಬರ್ತಿದೆ ಅಂದ್ರೆ ಅದರೊಳಗೇ ಇರೋ ಈಝೀ ಫ್ಲಾಶ್, ಕ್ಯೂ-ಫ್ಲಾಶ್, ಎಂ-ಫ್ಲಾಶ್ ಥರದ ಅಪ್‌ಡೇಟ್ ಟೂಲ್ ಯಾವ್ದಿದೆಯೋ ಅದನ್ನೇ ಬಳಸಿ, ಫ್ಯಾಟ್32 ಫಾರ್ಮ್ಯಾಟ್ ಮಾಡಿರೋ ಪೆನ್‌ಡ್ರೈವ್‌ಗೆ ಫೈಲ್ ಹಾಕಿದ್ರೆ ಕೆಲವೇ ನಿಮಿಷದ ಕೆಲ್ಸ. ವಿಂಡೋಸ್ ಒಳಗಿಂದಲೇ ಅಪ್‌ಡೇಟ್ ಮಾಡೋ ಸಾಫ್ಟ್‌ವೇರ್ ಕೊಡ್ತಾರಲ್ಲ, ಹಳೇ ಮಷೀನಲ್ಲಿ ಅದರ ತಂಟೆಗೆ ಹೋಗ್ಬೇಡಿ, ಮಧ್ಯದಲ್ಲಿ ಏನೋ ಒಂದು ಅಡ್ಡ ಬಂದು ಸಿಸ್ಟಂ ಹ್ಯಾಂಗ್ ಆಯ್ತು ಅಂದ್ರೆ ಅರ್ಧಂಬರ್ಧ ಬರೆದ ಬಯಾಸ್ ಇಟ್ಕೊಂಡು ಕೂರ್ಬೇಕಾಗುತ್ತೆ.

ಹಾಗಾದ್ರೆ ಈ ಪ್ರೋಗ್ರಾಮರ್ ಯಾಕೆ? ಎರಡು ಕಾರಣ. ಒಂದು, ಅಪ್‌ಡೇಟ್ ಮಧ್ಯೆ ಕರೆಂಟ್ ಹೋಗಿ ಮದರ್‌ಬೋರ್ಡ್ ಸತ್ತಿದ್ರೆ, ಡ್ಯುಯಲ್ ಬಯಾಸ್ (ಬ್ಯಾಕಪ್ಪಿಗಂತ ಇನ್ನೊಂದು ಬಯಾಸ್) ಆಗ್ಲಿ ಯುಎಸ್‌ಬಿ ಫ್ಲಾಶ್‌ಬ್ಯಾಕ್ ಬಟನ್ (ಪೆನ್‌ಡ್ರೈವಿಂದ ನೇರ ಬಯಾಸ್ ಬರೆಯೋ ಬಟನ್) ಆಗ್ಲಿ ಇಲ್ಲದ ಬೋರ್ಡಿಗೆ ಇದು ಬಿಟ್ರೆ ಹೆಚ್ಚು ದಾರಿ ಇರಲ್ಲ. ಎರಡನೇದು ನನಗೆ ಬೇಕಾಗಿದ್ದು. ಇಂಟೆಲ್ 7, 8 ಸೀರೀಸ್ ಚಿಪ್‌ಸೆಟ್ ಬೋರ್ಡುಗಳು ತುಂಬಾ ಗಟ್ಟಿ, ಇವತ್ತಿಗೂ ಆರಾಮಾಗಿ ಓಡ್ತಾವೆ, ಆದ್ರೆ ಎನ್‌ವಿಎಂಇ ಅನ್ನೋ ಹೊಸ ಥರದ ವೇಗದ ಎಸ್‌ಎಸ್‌ಡಿಯಿಂದ ಬೂಟ್ ಆಗೋ ಸಪೋರ್ಟ್ ಅವುಗಳ ಬಯಾಸಲ್ಲಿ ಸಾಮಾನ್ಯವಾಗಿ ಇರಲ್ಲ. ಅದಕ್ಕೆ ಬಯಾಸ್ ಫೈಲ್ ಒಳಗೆ ಎನ್‌ವಿಎಂಇ ಡ್ರೈವರ್ ಮಾಡ್ಯೂಲ್ ಸೇರಿಸ್ಬೇಕು, ಸೇರಿಸಿದ ಮೇಲೆ ಬೋರ್ಡಿನ ಸ್ವಂತ ಫ್ಲಾಶ್ ಟೂಲ್ ಎಷ್ಟೋ ಸಲ "ಇದು ಸರಿಯಾದ ಫೈಲ್ ಅಲ್ಲ" ಅಂತ ಮುಖ ತಿರುಗಿಸುತ್ತೆ. ಪ್ರೋಗ್ರಾಮರ್‌ಗೆ ಆ ಕಿರಿಕಿರಿ ಇಲ್ಲ, ಕೊಟ್ಟಿದ್ದನ್ನ ಕೊಟ್ಟ ಹಾಗೆ ಚಿಪ್ ಮೇಲೆ ಬರೆಯುತ್ತೆ. ತಪ್ಪು ಫೈಲ್ ಕೊಟ್ರೂ ಅಷ್ಟೇ ನಿಷ್ಠೆಯಿಂದ ಬರೆಯುತ್ತೆ ಅನ್ನೋದು ನೆನಪಿರ್ಲಿ.

ಸಾಮಾನು ಬೆರಳುದ್ದದ ಕಪ್ಪು ಬೋರ್ಡ್, ಒಂದು ತುದಿಗೆ ಯುಎಸ್‌ಬಿ, ಇನ್ನೊಂದು ಕಡೆ ಸಣ್ಣ ಲೀವರ್ ಇರೋ ಸಾಕೆಟ್. ಸಾಕೆಟಲ್ಲಿ ಹದಿನಾರು ತೂತು, ಅರ್ಧ 24 ಸೀರೀಸ್ ಚಿಪ್ಪಿಗೆ, ಇನ್ನರ್ಧ 25 ಸೀರೀಸಿಗೆ, ಯಾವುದು ಯಾವುದಕ್ಕೆ ಅಂತ ಬೋರ್ಡ್ ಮೇಲೇ ಪ್ರಿಂಟ್ ಇದೆ. ಬಯಾಸ್ ಚಿಪ್ ಅಂದ್ರೆ 25 ಸೀರೀಸ್. ಹಳೇ ಡೆಸ್ಕ್‌ಟಾಪ್ ಬೋರ್ಡುಗಳ ಪುಣ್ಯ ಏನಂದ್ರೆ ಎಷ್ಟೋ ಬೋರ್ಡಲ್ಲಿ ಈ ಚಿಪ್ ಬೆಸುಗೆ ಹಾಕಿರಲ್ಲ, ಎಂಟು ಕಾಲಿನ ಚಿಪ್ ಸಾಕೆಟಲ್ಲಿ ಸುಮ್ನೆ ಕೂತಿರುತ್ತೆ. ಪವರ್ ಕೇಬಲ್ ತೆಗೆದು, ಸಣ್ಣ ಸ್ಕ್ರೂಡ್ರೈವರಲ್ಲಿ ಆ ಕಡೆ ಸ್ವಲ್ಪ ಈ ಕಡೆ ಸ್ವಲ್ಪ ಮೀಟಿ ಎಬ್ಬಿಸಿದ್ರೆ ಬರುತ್ತೆ, ಒಂದೇ ಕಡೆಯಿಂದ ಎತ್ತಿದ್ರೆ ಕಾಲು ಬಗ್ಗುತ್ತೆ. ತೆಗೆಯೋಕೆ ಮುಂಚೆ ಚುಕ್ಕಿ ಯಾವ ಕಡೆ ಇದೆ ಅಂತ ಮೊಬೈಲಲ್ಲಿ ಫೋಟೋ ಹೊಡ್ಕೊಳ್ಳಿ, ಆ ಚುಕ್ಕಿನೇ ಒಂದನೇ ಕಾಲು, ಉಲ್ಟಾ ಕೂರಿಸಿ ಕರೆಂಟ್ ಕೊಟ್ರೆ ಚಿಪ್ ಬಿಸಿಯಾಗಿ ಕಥೆ ಮುಗೀತು. ಲೀವರ್ ಎತ್ತಿ, ಚಿಪ್ ಇಟ್ಟು, ಲೀವರ್ ಇಳಿಸೋದು, ಈ ಭಾಗಕ್ಕೆ ಪೂರ್ತಿ ಮಾರ್ಕ್ಸ್.

ಈಗ ದೂರು. ಈ ಕಪ್ಪು ಬೋರ್ಡಿಗೆ ಹುಟ್ಟಿನಿಂದಲೇ ಬಂದಿರೋ ರೋಗ ಒಂದಿದೆ. ಚಿಪ್ಪಿಗೆ ಪವರ್ ಕೊಡೋದು 3.3 ವೋಲ್ಟಲ್ಲೇ, ಆದ್ರೆ ಡೇಟಾ ಲೈನುಗಳು 5 ವೋಲ್ಟಲ್ಲಿ ಓಡ್ತಾವೆ, ಯಾಕಂದ್ರೆ ಸಿಎಚ್341ಎ ಚಿಪ್ಪಿಗೇ 5 ವೋಲ್ಟ್ ಕೊಟ್ಟು ಡಿಸೈನ್ ಮಾಡಿದಾರೆ. ಮಾಮೂಲಿ ಬಯಾಸ್ ಚಿಪ್ಪಿನ ಮಿತಿ 3.6 ವೋಲ್ಟ್. ಚಿಪ್ ಹೊರಗೆ ತೆಗೆದು ಒಂದೆರಡು ಸಲ ಬರೆದ್ರೆ ಬಹಳಷ್ಟು ಜನಕ್ಕೆ ಏನೂ ಆಗಿಲ್ಲ, ಹಾಗಂತ ಇದು ಸರಿ ಅಂತಲ್ಲ. ಬೆಸುಗೆ ಗೊತ್ತಿರೋರು ಸಿಎಚ್341ಎ ಚಿಪ್ಪಿನ 28ನೇ ಕಾಲು ಎತ್ತಿ 3.3 ವೋಲ್ಟಿಗೆ ಜೋಡಿಸ್ತಾರೆ. ನಮ್ಮಂಥೋರಿಗೆ ವೋಲ್ಟೇಜ್ ಬದಲಾಯಿಸೋ ಸ್ವಿಚ್ ಇರೋ ಹೊಸ ಥರದ್ದೇ ವಾಸಿ, ಇವತ್ತು ತಗೊಳ್ಳೋದಾದ್ರೆ ನಾನು ಅದನ್ನೇ ತಗೊಳ್ತೀನಿ.

ಕಿಟ್ ಜೊತೆ ಬರೋ ಕ್ಲಿಪ್ ವಿಷ್ಯ ಮಾತಾಡೋಕೇ ಬೇಜಾರು. ಬೆಸುಗೆ ಹಾಕಿರೋ ಚಿಪ್ ಮೇಲೆ ಬಟ್ಟೆ ಕ್ಲಿಪ್ ಥರ ಕಚ್ಚಿಸಿ ಅಲ್ಲೇ ಓದ್ಬೋದು ಅಂತಾರೆ, ನನಗೆ ಬಂದಿದ್ದು ಕಚ್ಚೋದಕ್ಕಿಂತ ಜಾರಿದ್ದೇ ಜಾಸ್ತಿ, ಕೇಬಲ್ ಸ್ವಲ್ಪ ಎಳೆದ್ರೂ ಕಾಂಟ್ಯಾಕ್ಟ್ ಹೋಗುತ್ತೆ. ಸರಿಯಾಗಿ ಕೂತ್ರೂ ಪ್ರೋಗ್ರಾಮರ್ ಕೊಡೋ ಪವರ್ ಚಿಪ್ಪಿಗಷ್ಟೇ ಅಲ್ಲ ಮದರ್‌ಬೋರ್ಡಿನ ಬೇರೆ ಭಾಗಕ್ಕೂ ಹರಿದು ಹೋಗುತ್ತೆ, ಆಗ ಚಿಪ್ ಪತ್ತೆನೇ ಆಗಲ್ಲ, ಇಲ್ಲಾಂದ್ರೆ ಓದಿದ ಫೈಲ್ ತುಂಬಾ ಬರೀ ಎಫ್ಎಫ್ ಎಫ್ಎಫ್ ಅಂತ, ಅಂದ್ರೆ ಖಾಲಿ ಇರುತ್ತೆ. 5 ವೋಲ್ಟ್ ಡೇಟಾ ಲೈನನ್ನ ಜೀವಂತ ಬೋರ್ಡಿನ ಚಿಪ್‌ಸೆಟ್‌ಗೆ ಮುಟ್ಟಿಸೋದು ಬೇರೆ! ಕ್ಲಿಪ್ ಬೇಕೇ ಬೇಕು ಅಂದ್ರೆ ಒಳ್ಳೇ ಕ್ಲಿಪ್ ಬೇರೆಯಾಗಿ ತಗೊಳ್ಳಿ, ಬೋರ್ಡಿನ ಪವರ್ ಕೇಬಲ್ ಜೊತೆ ಸಿಮಾಸ್ ಬ್ಯಾಟರಿನೂ (ಬೋರ್ಡ್ ಮೇಲಿರೋ ನಾಣ್ಯದಂಥ ಬ್ಯಾಟರಿ) ತೆಗೆದಿಟ್ಟು ಮಾಡಿ.

ಸಾಫ್ಟ್‌ವೇರ್ ಅವರು ಕೊಡೋ ಸೀಡೀನಲ್ಲಿರೋದು ಬೇಡ. ವಿಂಡೋಸಲ್ಲಿ ಆಸ್‌ಪ್ರೋಗ್ರಾಮರ್, ಲಿನಕ್ಸಲ್ಲಿ ಫ್ಲಾಶ್‌ರಾಮ್, ಎರಡೂ ಫ್ರೀ, ಎರಡೂ ಚೆನ್ನಾಗಿವೆ. ಮೊದಲ ಕೆಲ್ಸ ಬರೆಯೋದಲ್ಲ, ಓದೋದು. ಎರಡು ಸಲ ಓದಿ, ಎರಡು ಫೈಲೂ ಅಕ್ಷರಶಃ ಒಂದೇ ಇದೆಯಾ ಅಂತ ಹೋಲಿಸಿ ನೋಡಿ, ವ್ಯತ್ಯಾಸ ಇದ್ರೆ ಕಾಂಟ್ಯಾಕ್ಟ್ ಸರಿ ಇಲ್ಲ ಅಂತ, ಅಂಥ ಸ್ಥಿತೀಲಿ ಬರೆಯೋಕೆ ಹೋಗ್ಲೇಬೇಡಿ. ಈ ಬ್ಯಾಕಪ್ಪನ್ನ ಬೇರೆ ಕಡೆ ಜೋಪಾನವಾಗಿ ಇಡಿ. ಯಾಕಂದ್ರೆ ಕಂಪನಿ ಸೈಟಿಂದ ಇಳಿಸಿದ ಫೈಲನ್ನ ನೇರ ಬರೆದ್ರೆ ಎಷ್ಟೋ ಬೋರ್ಡಲ್ಲಿ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ಅಡ್ರೆಸ್ (ಅದರ ಗುರುತಿನ ನಂಬರ್), ಸೀರಿಯಲ್ ನಂಬರ್ ಎಲ್ಲಾ ಅಳಿಸಿ ಹೋಗುತ್ತೆ, ಇಂಟೆಲ್ ಲ್ಯಾನ್ ಇರೋ ಬೋರ್ಡಲ್ಲಿ ಮ್ಯಾಕ್ ಅಡ್ರೆಸ್ 88:88:88:88:87:88 ಅಂತ ಕಾಣಿಸಿದ್ರೆ ಅದೇ ಆಗಿದೆ ಅಂತ ಅರ್ಥ. ಹಳೇ ಬ್ಯಾಕಪ್ಪಿಂದ ಆ ಭಾಗ ತೆಗೆದು ಹೊಸ ಫೈಲಿಗೆ ಸೇರಿಸ್ಬೇಕು. ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ಆದ್ರೆ ವಿಂಡೋಸ್ ಲೈಸೆನ್ಸ್ ಕೀ ಕೂಡ ಅಲ್ಲೇ ಇರ್ಬೋದು.

ಫೈಲ್ ಸೈಜ್ ಕೂಡ ಕಣ್ಣಿಟ್ಟು ನೋಡಿ. 64 ಮೆಗಾಬಿಟ್ ಚಿಪ್ ಅಂದ್ರೆ ಸರಿಯಾಗಿ 83,88,608 ಬೈಟ್ ಇರ್ಬೇಕು. ಅಸೂಸ್‌ನವರ ಕ್ಯಾಪ್ ಫೈಲ್ 83,90,656 ತೋರಿಸುತ್ತೆ, ತಲೆಯಲ್ಲಿ 2048 ಬೈಟ್ ಹೆಚ್ಚುವರಿ ಹೆಡರ್ ಇರುತ್ತೆ, ಅದನ್ನ ಕತ್ತರಿಸದೆ ಬರೆದ್ರೆ ಎಲ್ಲಾ ಜಾಗ ತಪ್ಪಿ ಬೋರ್ಡ್ ಏಳಲ್ಲ. ಆಮೇಲೆ ಇರೇಸ್, ಬರೆಯೋದು, ವೆರಿಫೈ, ಈ ಮೂರೂ ಆಗ್ಲೇಬೇಕು. ಸ್ಪೀಡ್ ಬಗ್ಗೆ ಆಸೆ ಇಟ್ಕೋಬೇಡಿ, ಓದೋದು ಪರವಾಗಿಲ್ಲ, ಬರೆಯೋದು ನಿಧಾನ, ಆದ್ರೆ ಅದೇನು ದಿನಾ ಮಾಡೋ ಕೆಲ್ಸ ಅಲ್ವಲ್ಲ.

ಚಿಪ್ ವಾಪಸ್ ಹಾಕಿದ ಮೇಲೆ ಮೊದಲನೇ ಸಲ ಆನ್ ಮಾಡಿದಾಗ ಸಿಸ್ಟಂ ತಾನಾಗೇ ಆಫ್ ಆಗಿ ಆನ್ ಆಗ್ಬೋದು, ಸ್ಕ್ರೀನ್ ಬರೋಕೆ ತಡ ಆಗ್ಬೋದು, ಗಾಬರಿಯಾಗಿ ಪವರ್ ಬಟನ್ ಒತ್ಬೇಡಿ. ಸೆಟ್ಟಿಂಗ್ಸ್ ಎಲ್ಲಾ ಡಿಫಾಲ್ಟಿಗೆ ಹೋಗಿರುತ್ತೆ. ವಿಂಡೋಸಿನ ಡಿಸ್ಕ್ ಲಾಕ್ ಮಾಡೋ ಬಿಟ್‌ಲಾಕರ್ ಹಾಕಿದ್ರೆ ಈ ಕೆಲ್ಸಕ್ಕೆ ಕೈ ಹಾಕೋ ಮುಂಚೆನೇ ಸಸ್ಪೆಂಡ್ ಮಾಡಿ ರಿಕವರಿ ಕೀ ಬರೆದಿಟ್ಕೊಳ್ಳಿ. ಸಾಟಾ ಮೋಡ್ (ಬೋರ್ಡ್ ಡಿಸ್ಕ್ ಜೊತೆ ಮಾತಾಡೋ ರೀತಿಯ ಸೆಟ್ಟಿಂಗ್) ಮೊದಲು ಎಎಚ್‌ಸಿಐ ಇತ್ತಾ ರೇಯ್ಡ್ ಇತ್ತಾ ನೋಡಿ ಹಾಗೇ ಇಡಿ, ಅದು ಬದಲಾದ್ರೆ ವಿಂಡೋಸ್ ನೀಲಿ ಸ್ಕ್ರೀನ್ ತೋರಿಸುತ್ತೆ, ಆಗ ಪಾಪ ಪ್ರೋಗ್ರಾಮರ್‌ಗೆ ಒಂದು ಸ್ಟಾರ್ ಕೊಡೋಕೆ ಹೋಗ್ಬೇಡಿ.