ಹಾಳೆ ತಟ್ಟೆಯ ಲೇಬಲ್‌ಗೆ ಬರಿಯ ಅಕ್ರಿಲಿಕ್ ಅಂಟೋ, ರಾಳ ಬೆರೆಸಿದ್ದೋ?

ಬದಿಯಡ್ಕ, ಪೆರ್ಲದ ಕಡೆ ಅಡಿಕೆ ಹಾಳೆಯ ತಟ್ಟೆಗಳನ್ನು ಪಾಲಿಥೀನ್ ಹೊದಿಕೆಯಲ್ಲಿ ಕಟ್ಟಿ ಮಾರುವವರು ಲೇಬಲ್ ಆರಿಸುವಾಗ ಕಾಗದ, ಮುದ್ರಣಗಳ ಜೊತೆಗೆ ಹಿಂಬದಿಯ ಅಂಟನ್ನೂ ವಿಚಾರಿಸಬೇಕು.

ನೀರಿನಲ್ಲಿ ಹರಡಿದ ಬರಿಯ ಅಕ್ರಿಲಿಕ್ ಅಂಟು ಬಿಸಿಲಿಗೆ ಸುಲಭವಾಗಿ ಹಳದಿಯಾಗದು. ಸೆಕೆಯಲ್ಲೂ ಜಾರದೆ ನಿಲ್ಲುತ್ತದೆ. ಗಾಜಿಗೂ ರಟ್ಟಿಗೂ ಇದೇ ಸಾಕು. ಆದರೆ ಪಾಲಿಥೀನಿನ ಮೇಲ್ಮೈ ಶಕ್ತಿ ಕಡಿಮೆಯಾದ್ದರಿಂದ ಅಂಟು ಅದರ ಮೇಲೆ ಸರಿಯಾಗಿ ಹರಡಿಕೊಳ್ಳುವುದಿಲ್ಲ. ಉಗುರು ತಾಗಿದರೆ ಲೇಬಲ್‌ನ ಮೂಲೆ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಬರುತ್ತದೆ.

ಪೈನ್ ಮರದ ರಾಳದಿಂದ ತಯಾರಿಸಿದ ಎಸ್ಟರನ್ನು (ರಾಳದ ಆಮ್ಲವನ್ನು ಆಲ್ಕೋಹಾಲಿನೊಡನೆ ವರ್ತಿಸಿ ಪಡೆದ ವಸ್ತು) ನೀರಿನಲ್ಲಿ ಹರಡಿ, ಅಕ್ರಿಲಿಕ್ ಅಂಟಿಗೆ ಒಣ ತೂಕದ ಲೆಕ್ಕದಲ್ಲಿ ಸಾಮಾನ್ಯವಾಗಿ ಶೇಕಡಾ 20ರಿಂದ 30ರಷ್ಟು ಬೆರೆಸಿದಾಗ, ಅಂಟು ಒತ್ತಿದ ಕೂಡಲೇ ಮೆತ್ತಗಾಗಿ ಹೊದಿಕೆಗೆ ಹೊಂದಿಕೊಳ್ಳುತ್ತದೆ, ಸರ್ರನೆ ಎಳೆದರೆ ಬಿಗಿಯಾಗಿ ತಡೆಯುತ್ತದೆ. ನಷ್ಟವೂ ಇದೆ: ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಜಾರುವಿಕೆಯನ್ನು ತಡೆಯುವ ಬಲ ಕುಗ್ಗುತ್ತದೆ, ಫ್ರಿಜ್ಜಿನ ತಂಪಿನಲ್ಲಿ ಜಿಗುಟೂ ಇಳಿಯುತ್ತದೆ, ತಟ್ಟೆ ಮಾರುವವರಿಗೆ ಅದು ಬಾಧಿಸದು ಬಿಡಿ.

ರಾಳದಲ್ಲೂ ಭೇದವಿದೆ. ರಾಳದ ಮುಖ್ಯ ಅಂಶವಾದ ಅಬಿಯೆಟಿಕ್ ಆಮ್ಲದ ದ್ವಿಬಂಧಗಳು ಗಾಳಿಯ ಆಮ್ಲಜನಕದೊಡನೆ ವರ್ತಿಸುವುದರಿಂದ ಸಾದಾ ಎಸ್ಟರ್ ಕ್ರಮೇಣ ಹಳದಿಯಾಗುತ್ತದೆ. ಹೈಡ್ರೋಜನ್ ಸೇರಿಸಿದ್ದು ಬಣ್ಣ ಉಳಿಸಿಕೊಳ್ಳುತ್ತದೆ, ದರವೂ ಹೆಚ್ಚು. ಪಾರದರ್ಶಕ ಲೇಬಲ್‌ಗಾದರೆ ಅದು ಬೇಕು, ಕಾಗದದ್ದಕ್ಕೆ ದಂಡದ ಖರ್ಚು.

ನನ್ನ ಅಭಿಪ್ರಾಯದಲ್ಲಿ ಪಾಲಿಥೀನ್ ಹೊದಿಕೆಗೆ ರಾಳ ಬೆರೆಸಿದ್ದೇ ಸರಿ, ರಟ್ಟಿನ ಪೆಟ್ಟಿಗೆಗೆ ಬರಿಯ ಅಕ್ರಿಲಿಕ್. ರಾಳವನ್ನು ನೀರಿನಲ್ಲಿ ಹರಡಲು ಬಳಸುವ ಸಾಬೂನಿನಂಥ ದ್ರವ್ಯಗಳು ತೇವವನ್ನು ಹೀರಿ ಅಂಟನ್ನು ಬೆಳ್ಳಗಾಗಿಸಬಹುದಾದ್ದರಿಂದ, ನಮ್ಮ ಮಳೆಗಾಲಕ್ಕೆ ಮುಂಚೆ ಮಾದರಿ ತರಿಸಿಕೊಂಡು ಹೊದಿಕೆಗೆ ಹಚ್ಚಿ, ಒಂದು ರಾತ್ರಿ ನೀರಿನಲ್ಲಿಟ್ಟು ನೋಡಿ.