ಕ್ರಾಪ್ ಸೆನ್ಸರೋ, ಫುಲ್ ಫ್ರೇಮೋ: ಕಾಸರಗೋಡಿನ ಹಗಲಿಗೂ ಇರುಳಿಗೂ ಒಂದು ಹೋಲಿಕೆ

ಕ್ಯಾಮೆರಾದೊಳಗೆ ಬೆಳಕನ್ನು ಚಿತ್ರವಾಗಿಸುವ ಫಲಕವೇ ಸೆನ್ಸರ್; ಅದು 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟಿದ್ದರೆ ಫುಲ್ ಫ್ರೇಮ್, ಅದಕ್ಕಿಂತ ಚಿಕ್ಕದಿದ್ದರೆ ಕ್ರಾಪ್. ಕ್ರಾಪ್ ಸೆನ್ಸರಿನ ನಿಕಾನ್ ಡಿ500 ಮತ್ತು ಫುಲ್ ಫ್ರೇಮಿನ ನಿಕಾನ್ ಡಿ750 ಎರಡಕ್ಕೂ ಲೆನ್ಸ್ ಕೂರಿಸುವ ಎಫ್ ಮೌಂಟೇ ಇರುವುದರಿಂದ, ಒಂದೇ ಲೆನ್ಸುಗಳನ್ನು ಎರಡಕ್ಕೂ ಜೋಡಿಸಿ ನೋಡಲು ನನಗೆ ಸಾಧ್ಯವಾಯಿತು. ಕ್ರಾಪ್ ಕ್ಯಾಮೆರಾ ಹಗುರವೆಂಬ ಮಾತು ಈ ಜೋಡಿಗೆ ಅನ್ವಯಿಸುವುದಿಲ್ಲ. ತೂಕದಲ್ಲಿ ಎರಡೂ ಬಹುತೇಕ ಸಮ.

ಹಕ್ಕಿಗಳ ಮಟ್ಟಿಗೆ ಡಿ500 ನಿಸ್ಸಂದೇಹವಾಗಿ ಮುಂದಿದೆ. ಕುಂಬಳೆ ಸಮೀಪದ ಕಿದೂರಿನಲ್ಲಿ 500 ಮಿ.ಮೀ. ಲೆನ್ಸಿನಿಂದ ಕಳ್ಳಿಪೀರವನ್ನು ತೆಗೆಯುವಾಗ ಇದರಲ್ಲಿ ಕಾಣುವ ನೋಟ ಫುಲ್ ಫ್ರೇಮಿನ 750 ಮಿ.ಮೀ. ಲೆನ್ಸಿನ ನೋಟಕ್ಕೆ ಸಮನಾಗಿರುತ್ತದೆ. ಡಿ750ರ 24 ಮೆಗಾಪಿಕ್ಸೆಲ್ ಚಿತ್ರವನ್ನು ಅಷ್ಟೇ ಭಾಗಕ್ಕೆ ಕತ್ತರಿಸಿದರೆ ಹತ್ತು ಹನ್ನೊಂದು ಮೆಗಾಪಿಕ್ಸೆಲ್ ಉಳಿಯುತ್ತದೆ. ಡಿ500ರಲ್ಲಿ ಸುಮಾರು 21 ಸಿಗುತ್ತದೆ. ಇದರ 153 ಫೋಕಸ್ ಬಿಂದುಗಳು ಚೌಕಟ್ಟಿನ ಅಂಚಿನವರೆಗೂ ಹರಡಿರುವುದರಿಂದ ಹಾರುವ ಹಕ್ಕಿ ಬದಿಗೆ ಸರಿದರೂ ಫೋಕಸ್ ತಪ್ಪುವುದು ಕಡಿಮೆ. ಡಿ750ರ 51 ಬಿಂದುಗಳು ನಡುವೆಯೇ ಗುಂಪಾಗಿವೆ.

ತೆಂಗಿನ ಗರಿಯ ಸೂಟೆಯ (ಪಂಜಿನ) ಬೆಳಕಿನಲ್ಲಿ ನಡೆಯುವ ಕೋಲದ, ಅಂದರೆ ದೈವಾರಾಧನೆಯ ನರ್ತನದ, ಮುಂದೆ ಲೆಕ್ಕ ಬದಲಾಗುತ್ತದೆ. ಒಂದೇ ಅಪರ್ಚರ್ (ಲೆನ್ಸಿನ ಬೆಳಕಿಂಡಿಯ ಅಳತೆ), ಒಂದೇ ಶಟರ್ ವೇಗವಿದ್ದರೆ ಎರಡರಲ್ಲೂ ಬೇಕಾಗುವ ಐಎಸ್‌ಒ, ಅಂದರೆ ಬೆಳಕಿನ ಸಂವೇದನೆಯ ಮಟ್ಟ, ಒಂದೇ. ಫುಲ್ ಫ್ರೇಮಿಗೆ ಕಡಿಮೆ ಸಾಕೆಂಬುದು ತಪ್ಪು ತಿಳಿವಳಿಕೆ. ಆದರೆ ಡಿ750ರ ಸೆನ್ಸರಿನ ವಿಸ್ತಾರ ಡಿ500ರದ್ದರ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚಾದ್ದರಿಂದ ಅದು ಒಟ್ಟಾರೆ ಅಷ್ಟು ಹೆಚ್ಚು ಬೆಳಕನ್ನು ಸ್ವೀಕರಿಸುತ್ತದೆ. ಐಎಸ್‌ಒ 6400ರಲ್ಲಿ ಡಿ500ರ ನೆರಳುಗಳಲ್ಲಿ ಕಾಣುವ ನಾಯ್ಸ್ (ಕಾಳುಕಾಳಾದ ಚುಕ್ಕೆಗಳು) ಡಿ750ರಲ್ಲಿ ಗಣನೀಯವಾಗಿ ತಗ್ಗುತ್ತದೆ, ಮುಖವರ್ಣಿಕೆಯ ಅರಿಶಿನ ಮತ್ತು ಕೆಂಪು ಬೇರೆಬೇರೆಯಾಗಿ ಉಳಿಯುತ್ತವೆ. ಈ ಲಾಭಕ್ಕೆ ಒಂದು ಮಿತಿಯೂ ಇದೆ. ಫುಲ್ ಫ್ರೇಮಿನಲ್ಲಿ 85 ಮಿ.ಮೀ. ಲೆನ್ಸನ್ನು ಎಫ್/1.8ಕ್ಕೆ ತೆರೆದು ಹತ್ತಿರದಿಂದ ತೆಗೆದರೆ ಕಣ್ಣು ಸ್ಫುಟವಾದರೂ ಹಿಂದಿನ ಅಣಿಯ (ದೈವದ ಬೆನ್ನಿಗೆ ಕಟ್ಟುವ ಅಲಂಕಾರದ) ಕುಸುರಿ ಮಸುಕಾಗುತ್ತದೆ. ಅದನ್ನು ಉಳಿಸಿಕೊಳ್ಳಲು ಅಪರ್ಚರನ್ನು ಎಫ್/2.8ಕ್ಕೆ ಕಿರಿದಾಗಿಸಿದರೆ ಬೆಳಕು ಕಡಿಮೆಯಾಗಿ ದೊಡ್ಡ ಸೆನ್ಸರಿನಿಂದ ಗಳಿಸಿದ್ದು ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ಅಂಗಳದ ಅಂಚಿನಿಂದ ಇಡೀ ಆಕೃತಿಯನ್ನು ತೆಗೆಯುವವರಿಗೇ ಇದರ ಪ್ರಯೋಜನ ಹೆಚ್ಚು.

ವಿದ್ಯುದ್ದೀಪಗಳಿರುವ ಯಕ್ಷಗಾನದ ರಂಗಸ್ಥಳದಲ್ಲಿ ಎರಡರ ನಡುವೆ ಹೇಳಿಕೊಳ್ಳುವಂಥ ಅಂತರ ನನಗೆ ಕಾಣಲಿಲ್ಲ.

ಒಂದನ್ನೇ ಇಟ್ಟುಕೊಳ್ಳಬೇಕಾದರೆ ನನ್ನ ಆಯ್ಕೆ ಡಿ750. ಮರೆಯಲ್ಲಿ ತಾಳ್ಮೆಯಿಂದ ಕುಳಿತರೆ ಹಕ್ಕಿಗೆ ಇನ್ನಷ್ಟು ಸಮೀಪವಾಗಬಹುದು, ಕತ್ತರಿಸಿ ಉಳಿದ ಹತ್ತು ಮೆಗಾಪಿಕ್ಸೆಲ್ ಎ3 ಅಳತೆಯ ಮುದ್ರಣಕ್ಕೂ ಸಾಲುತ್ತದೆ. ಕೋಲದ ಅಂಗಳದಲ್ಲಾದರೋ ಫ್ಲ್ಯಾಶ್ ಹಾರಿಸುವುದು ಆರಾಧನೆಗೆ ಅಡ್ಡಿಯಾಗುವ ಕೆಲಸವಾದ್ದರಿಂದ, ಇರುವ ಬೆಳಕಿನಲ್ಲೇ ಚಿತ್ರ ತೆಗೆಯಬೇಕು. ವರ್ಷವಿಡೀ ಹಕ್ಕಿಗಳನ್ನೇ ಅರಸುವವರು ಮಾತ್ರ ಡಿ500 ಕೊಂಡು, ಮಿಕ್ಕ ಹಣವನ್ನು ಉದ್ದನೆಯ ಲೆನ್ಸಿಗೆ ತೆಗೆದಿಡುವುದು ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ.