ಟೈಗರ್ ಬಾರ್ಬ್: ಬೆಲೆ ಕಡಿಮೆ, ಬೇಡಿಕೆ ಹೆಚ್ಚು

ಅಲಂಕಾರಿಕ ಮೀನಿನ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುವ ಟೈಗರ್ ಬಾರ್ಬ್‌ನಷ್ಟು ತಪ್ಪು ರೀತಿಯಲ್ಲಿ ಮಾರಾಟವಾಗುವ ಮೀನು ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಹೊಂಬಣ್ಣದ ಮೈ, ಅದರ ಮೇಲೆ ನಾಲ್ಕು ಕಪ್ಪು ಪಟ್ಟೆ, ರೆಕ್ಕೆಗಳಲ್ಲಿ ಕೇಸರಿಗೆಂಪು, ಜೊತೆಗೆ ಕ್ಷಣವೂ ನಿಲ್ಲದ ಓಡಾಟ. ಸುಮಾತ್ರಾ ಮೂಲದ ಈ ಮೀನನ್ನು ಡಚ್ ವಿಜ್ಞಾನಿ ಪೀಟರ್ ಬ್ಲೀಕರ್ 1855ರಲ್ಲಿ ಮೊದಲು ವಿವರಿಸಿದರು. ಈಗ ಮಾರುಕಟ್ಟೆಗೆ ಬರುವವು ಬಹುಪಾಲು ಸಾಕಣೆ ಕೇಂದ್ರಗಳಲ್ಲಿ ಹುಟ್ಟಿದವೇ.

ಅಂಗಡಿಯವರು ಇದನ್ನು ಜೋಡಿ ಲೆಕ್ಕದಲ್ಲಿ ಕೊಡುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಯೇ. ಟೈಗರ್ ಬಾರ್ಬ್ ಹಿಂಡಿನ ಮೀನು. ಹಿಂಡಿನೊಳಗೆ ಮೇಲು ಕೀಳಿನ ಪೈಪೋಟಿ ಸದಾ ನಡೆದೇ ಇರುತ್ತದೆ, ಒಂದು ಇನ್ನೊಂದನ್ನು ಅಟ್ಟಿಸಿಕೊಂಡು ಹೋಗುವುದು, ಬಾಲಕ್ಕೆ ಬಾಯಿ ಹಾಕುವುದು ಅದರ ದಿನಚರಿ. ಎಂಟು ಹತ್ತು ಮೀನುಗಳಿದ್ದರೆ ಈ ಏಟು ಎಲ್ಲರಿಗೂ ಹಂಚಿಹೋಗುವುದರಿಂದ ಯಾವುದಕ್ಕೂ ಗಾಯವಾಗುವಷ್ಟು ಆಗುವುದಿಲ್ಲ. ಎರಡು ಮೂರೇ ಇದ್ದಾಗ ದುರ್ಬಲವಾದದ್ದು ಮೂಲೆ ಸೇರುತ್ತದೆ, ಅಥವಾ ಪೈಪೋಟಿಯೆಲ್ಲ ತೊಟ್ಟಿಯ ಇತರ ಮೀನುಗಳ ಮೇಲೆ ತಿರುಗುತ್ತದೆ. ‘ಜಗಳಗಂಟ ಮೀನು’ ಎಂಬ ಕೆಟ್ಟ ಹೆಸರಿಗೆ ಮೀನಿಗಿಂತ ಈ ಜೋಡಿ ವ್ಯಾಪಾರವೇ ಹೆಚ್ಚು ಕಾರಣ. ಹಾಗೆಂದು ಹಿಂಡು ದೊಡ್ಡದಾದರೆ ಸ್ವಭಾವವೇ ಬದಲಾಗುತ್ತದೆ ಎಂದೂ ಅಲ್ಲ: ಏಂಜೆಲ್, ಗಪ್ಪಿ, ಫೈಟರ್, ಗೌರಾಮಿಗಳಂತಹ ಉದ್ದ ರೆಕ್ಕೆಯ, ನಿಧಾನವಾಗಿ ಈಜುವ ಮೀನುಗಳ ಜೊತೆ ಇವನ್ನು ಎಂದಿಗೂ ಬಿಡಬಾರದು.

ಮೀನು ಅಗ್ಗ, ಆದರೆ ಅದರ ಮನೆ ಅಗ್ಗವಲ್ಲ. ಆರೇಳು ಸೆಂಟಿಮೀಟರ್ ಬೆಳೆಯುವ ಹತ್ತು ಮೀನುಗಳು ಅಡ್ಡಾದಿಡ್ಡಿ ಓಡಲು ಕನಿಷ್ಠ ಮೂರು ಅಡಿ ಉದ್ದದ, ನೂರು ಲೀಟರಿಗೆ ಕಡಿಮೆಯಿಲ್ಲದ ತೊಟ್ಟಿ ಬೇಕು. ಮೇಜಿನ ಮೇಲಿಡುವ ಗಾಜಿನ ಬೋಗುಣಿಯ ಮಾತು ಬೇಡವೇ ಬೇಡ. ನೀರಿನ ಉಷ್ಣಾಂಶ 22ರಿಂದ 26 ಡಿಗ್ರಿ ಸೆಲ್ಸಿಯಸ್ ಇರಬೇಕಾದ್ದರಿಂದ ಬೆಂಗಳೂರು, ಮೈಸೂರಿನ ಡಿಸೆಂಬರ್ ರಾತ್ರಿಗಳಿಗೆ ಥರ್ಮೋಸ್ಟಾಟ್ ಇರುವ ಹೀಟರ್ ಅನಿವಾರ್ಯ. ನೀರು ಇದ್ದಕ್ಕಿದ್ದಂತೆ ತಣ್ಣಗಾದರೆ ಮೈಮೇಲೆ ಬಿಳಿ ಚುಕ್ಕೆ ರೋಗ ಕಾಣಿಸಿಕೊಳ್ಳುವ ಅಪಾಯ ಹೆಚ್ಚು. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯದೆ ಬಳಸುವಂತಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಮೀನಿನ ತ್ಯಾಜ್ಯದಿಂದ ಹುಟ್ಟುವ ವಿಷಕಾರಿ ಅಮೋನಿಯವನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ಮತ್ತು ಮೀನು ಎರಡನ್ನೂ ಒಂದೇ ದಿನ ಕಟ್ಟಿಕೊಡುವ ಅಂಗಡಿಯವರು ಇದನ್ನು ಹೇಳುವುದು ಅಪರೂಪ.

ಊಟದ ವಿಷಯದಲ್ಲಿ ತಕರಾರಿಲ್ಲ. ಒಣ ಆಹಾರ, ರಕ್ತಹುಳು, ಬೇಯಿಸಿದ ಬಟಾಣಿ, ಏನು ಕೊಟ್ಟರೂ ಮುಗಿಬೀಳುತ್ತವೆ. ಹಾಗಾಗಿ ಅತಿಯಾಗಿ ಹಾಕುವ ಕೈಗೇ ಕಡಿವಾಣ ಬೇಕು.

ಇಷ್ಟು ಖರ್ಚು ಮಾಡಿದವರಿಗೆ ಸಿಗುವ ನೋಟ ಮಾತ್ರ ದೊಡ್ಡದು. ಗಿಡಗಳ ಹಸಿರಿನ ಮುಂದೆ ಇಡೀ ಹಿಂಡು ಒಮ್ಮೆಲೇ ತಿರುಗುವುದು, ಗಂಡುಗಳು ಮೂಗು ಕೆಂಪೇರಿಸಿಕೊಂಡು ಎದುರುಬದುರು ನಿಲ್ಲುವುದು ನೋಡುವಂಥದ್ದು. ಶಾಂತವಾದ ತೊಟ್ಟಿಯನ್ನು ಬಯಸುವವರು ಬೇರೆ ಮೀನು ನೋಡುವುದು ಒಳ್ಳೆಯದು. ಉಳಿದವರು ಹಸಿರು ಅಥವಾ ಆಲ್ಬಿನೊ ತಳಿಗಳನ್ನೂ ಸೇರಿಸಿಯೇ ಹತ್ತರ ಲೆಕ್ಕ ಹಾಕಬಹುದು, ಏಕೆಂದರೆ ಅವೂ ಇದೇ ಜಾತಿಯವು, ಒಂದೇ ಹಿಂಡಾಗಿ ಈಜುತ್ತವೆ. ಕೊಳ್ಳುವಾಗ ರೆಕ್ಕೆ ಮುದುಡಿಕೊಂಡು ನಿಂತ ಮೀನಿರುವ ತೊಟ್ಟಿಯಿಂದ, ಉಳಿದವು ಎಷ್ಟೇ ಚುರುಕಾಗಿದ್ದರೂ, ಒಂದನ್ನೂ ತೆಗೆದುಕೊಳ್ಳಬೇಡಿ.